ಸೇವಂತಿ ಹತ್ತದ ಗಾಡಿ

ಹೊರಡುವ ಹಿಂದಿನ ವಾರ ಮಿಸ್ ನನ್ನ ಕೈಗೆ ಇನ್ನೂರು ಪುಟದ ನೋಟ್‌ಬುಕ್ಕೊಂದನ್ನು ಕೊಟ್ಟು, "ಇದನ್ನ ಸೇವಂತಿ ಬರೀತಾಳೆ. ಅವಳಿಗೆ ಪೆನ್ನು ಹಿಡಿಯೋಕೆ ಬರಲ್ಲ, ನೀನು ಬರ್ಕೊಡು" ಅಂದರು.

ಸೇವಂತಿ ಒಂದು ನಾಯಿ. ಮಿಸ್ ನನಗೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು. ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದ ಮೇಲೆ ಜಯಲಕ್ಷ್ಮಿಪುರಂನಲ್ಲಿ, ನನ್ನ ಪಶು ಚಿಕಿತ್ಸಾಲಯದಿಂದ ಮೂರು ಬೀದಿ ಆಚೆ ಒಬ್ಬರೇ ಇದ್ದಾರೆ. ಅವರ ಶಾಲೆಯ ಹುಡುಗನೊಬ್ಬ ನಾಯಿ ಕಚ್ಚಿದ್ದನ್ನು ಮನೆಯಲ್ಲಿ ಬೈತಾರೆ ಅಂತ ಮುಚ್ಚಿಟ್ಟು, ಎರಡು ತಿಂಗಳ ನಂತರ ರೇಬೀಸ್‌ನಿಂದ ತೀರಿಕೊಂಡಿದ್ದ. ಅದು ಹಳೆಯ ಮಾತು. ಮಿಸ್ ಮಾತ್ರ ಅದನ್ನು ಹಳೆಯದಾಗಲು ಬಿಟ್ಟಿರಲಿಲ್ಲ. ಮೈಸೂರಿನಿಂದ ಡೆಹ್ರಾಡೂನ್‌ವರೆಗೆ ಒಂದು ಮನೆಗಾಡಿಯಲ್ಲಿ ಹೋಗುವುದು, ದಾರಿಯ ಶಾಲೆಗಳಲ್ಲಿ ನಿಂತು "ಕಚ್ಚಿದರೆ ಸೋಪು ಹಾಕಿ ಹದಿನೈದು ನಿಮಿಷ ತೊಳಿ, ಮನೆಯಲ್ಲಿ ಹೇಳು, ಆಸ್ಪತ್ರೆಗೆ ಹೋಗು" ಅಂತ ಮಕ್ಕಳಿಗೆ ಹೇಳುವುದು, ದಾನಿಗಳು ಕೊಟ್ಟ ನಾಯಿ ಲಸಿಕೆಯನ್ನು ಕೊನೆಯ ಊರಿನಲ್ಲಿ ದೊಡ್ಡ ಶಿಬಿರ ಮಾಡಿ ಹಾಕುವುದು ಅವರ ಯೋಜನೆ. ವಾಪಸ್ಸು ಬಂದ ಮೇಲೆ ಅದೇ ಗಾಡಿ ಮೈಸೂರಿನ ಸುತ್ತಲ ಹಳ್ಳಿಗಳಿಗೆ ಲಸಿಕೆ ಗಾಡಿಯಾಗಬೇಕಿತ್ತು.

ನೋಟ್‌ಬುಕ್ಕಿನಲ್ಲಿ ನಾನು ದಿನಕ್ಕೊಂದು ಪುಟ, ಅವತ್ತು ಸೇವಂತಿ ಕಂಡದ್ದನ್ನು ಬರೆಯಬೇಕು. ಅದರ ಫೋಟೋ ಮೈಸೂರಿನ ಶಾಲೆಗಳಿಗೆ ಹೋಗುತ್ತದೆ, ಮಕ್ಕಳು ಬೆಳಗಿನ ಪ್ರಾರ್ಥನೆಯ ನಂತರ ಓದುತ್ತಾರೆ.

"ಮಿಸ್, ನಾನು ಡಾಕ್ಟ್ರು. ನಾಯಿ ಥರ ಬರೆಯೋಕೆ ನನಗೆಲ್ಲಿ ಬರುತ್ತೆ?" ಅಂದೆ.

"ಬಗ್ಗಿ ನೋಡಮ್ಮ. ಅದರ ಎತ್ತರಕ್ಕೆ ಕಣ್ಣಿಟ್ಟು ನೋಡು. ಆಮೇಲೆ ತಾನಾಗೇ ಬರುತ್ತೆ" ಅಂದರು.

ಸೇವಂತಿ ದೇವರಾಜ ಮೊಹಲ್ಲಾದವಳು. ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಮರಿಯಿಂದ ಬೆಳೆದವಳು, ಬಾಡಿದ ಸೇವಂತಿಗೆಯ ಬಣ್ಣದವಳು. ಹೂ ಮಾರುವ ಅಕ್ಕನೊಬ್ಬರು ಬೆಳಿಗ್ಗೆ ಒಂದು ಬನ್ನು, ಮಧ್ಯಾಹ್ನ ತಮ್ಮ ಬುತ್ತಿಯಲ್ಲಿ ಒಂದು ಪಾಲು ಕೊಟ್ಟು ಸಾಕಿದ್ದರು. ಮಕ್ಕಳು ಮೇಲೆ ಬಿದ್ದರೂ ಗುರ್ ಅನ್ನದ ನಾಯಿ ಬೇಕೆಂದು ನಾನು ಊರೆಲ್ಲ ಹುಡುಕಿ ಕೊನೆಗೆ ಇವಳಲ್ಲಿಗೆ ಬಂದಿದ್ದೆ. ಅಕ್ಕ ಒಪ್ಪಲು ನಾಲ್ಕು ದಿನ ತೆಗೆದುಕೊಂಡರು. ಕೊನೆಗೆ, "ಕರ್ಕೊಂಡೋಗಿ. ಅವ್ಳು ಬ್ಯಾಡ ಅಂದ್ರೆ ಬಲವಂತ ಮಾಡ್ಬ್ಯಾಡಿ ಕಣವ್ವ. ಸುಮ್ನೆ ಬ್ಯಾಡ ಅನ್ನೋಳಲ್ಲ ಅವ್ಳು" ಅಂದರು. ನಾನು ತಲೆಯಾಡಿಸಿದೆ. ಯಾವ ನಾಯಿಯನ್ನು ಕೊಡುವಾಗಲೂ ಜನ ಹೀಗೆ ಏನಾದರೊಂದು ಹೇಳುತ್ತಾರೆ.

ಗಾಡಿ ಸಿದ್ಧವಾದದ್ದು ಉದಯಗಿರಿಯ ಒಂದು ಶೆಡ್ಡಿನಲ್ಲಿ. ಮೂವತ್ತು ವರ್ಷದಿಂದ ಲಾರಿ, ಮಿನಿಬಸ್ಸುಗಳಿಗೆ ಬಾಡಿ ಕಟ್ಟುತ್ತಿರುವ ಮೇಸ್ತ್ರಿ ಒಂದು ಹಳೆಯ ಮಿನಿಬಸ್ಸಿನ ಸೀಟುಗಳನ್ನು ಕಿತ್ತು, ಹಿಂದೆ ಒಂದು ಮಂಚ, ನಡುವೆ ಒಲೆಕಟ್ಟೆ, ಚಾವಣಿಗೆ ಗಾಳಿ ಹೊರಗೆಳೆಯುವ ಫ್ಯಾನು ಕೂರಿಸಿದರು. ಮಂಚದ ಕೆಳಗೆ ಸೇವಂತಿಯ ಹಾಸಿಗೆ. ಲಸಿಕೆಯ ಫ್ರಿಜ್ಜು ಬಾಗಿಲ ಪಕ್ಕ. ಲಸಿಕೆ ಯಾವಾಗಲೂ ಎರಡು ಡಿಗ್ರಿಯಿಂದ ಎಂಟು ಡಿಗ್ರಿಯ ಒಳಗೇ ಇರಬೇಕು, ಮೀರಿದರೆ ಅದು ಬರೀ ನೀರು. ಅದಕ್ಕಾಗಿ ಮೇಸ್ತ್ರಿ ಫ್ರಿಜ್ಜಿಗೇ ಒಂದು ಬೇರೆ ಬ್ಯಾಟರಿ ಇಟ್ಟರು. ಅದೂ ಕೈಕೊಟ್ಟರೆ ಇರಲಿ ಅಂತ ಗಾಡಿಯ ಹಿಂಬದಿಗೆ ತಗಡಿನ ಪೆಟ್ಟಿಗೆ ಕಟ್ಟಿ, ಅದರೊಳಗೆ ಒಂದು ಸಣ್ಣ ಪೆಟ್ರೋಲ್ ಜನರೇಟರ್ ಕೂರಿಸಿ, ಹೊಗೆ ಹೊರಗೆ ಹೋಗಲು ಪೈಪು ಬೆಸೆದರು. ಗಾಡಿಯನ್ನು ಓಡಿಸಲೂ ತಾವೇ ಬರುತ್ತೇನೆ ಅಂದರು.

"ನಾನ್ ಕಟ್ಟಿದ್ ಬಾಡಿ ಮೇಡಂ. ಇದನ್ನ ಬೇರೆಯವ್ರ ಕೈಗ್ ಕೊಟ್ರೆ ನಂಗ್ ನಿದ್ದೆ ಬರಲ್ಲ."

ನಾವು ಮೂವರು, ಸೇವಂತಿ ಸೇರಿ ನಾಲ್ವರು ನವೆಂಬರಿನಲ್ಲಿ ಹೊರಟೆವು. ಹೈದರಾಬಾದ್ ದಾಟುವವರೆಗೆ ಎಲ್ಲವೂ ನಾನು ಬರೆದಿಟ್ಟ ಪಟ್ಟಿಯಂತೆಯೇ ನಡೆಯಿತು. ಹೊರಡುವ ಎರಡು ಗಂಟೆ ಮೊದಲು ಸೇವಂತಿಗೆ ಅನ್ನ, ಬೇಯಿಸಿದ ಮೊಟ್ಟೆ. ಎರಡು ಗಂಟೆಗೊಮ್ಮೆ ಗಾಡಿ ನಿಲ್ಲಿಸಿ ಹತ್ತು ನಿಮಿಷ ನಡಿಗೆ. ಸಂಜೆ ಉಣ್ಣೆ ಹುಳು ಹತ್ತಿದೆಯೇ ಅಂತ ಕಿವಿಯ ಸಂದು, ಬೆರಳ ಸಂದು ನೋಡುವುದು. ದಿನಕ್ಕೆ ಮೂರು ಸಲ ಫ್ರಿಜ್ಜಿನ ತಾಪ ಬರೆಯುವುದು. ಶಾಲೆಗಳಲ್ಲಿ ಮಿಸ್ ಮಾತಾಡುವಾಗ ಸೇವಂತಿ ಅವರ ಕಾಲ ಬಳಿ ಕೂರುತ್ತಿದ್ದಳು. ಅಪರಿಚಿತ ನಾಯಿ ಹತ್ತಿರ ಬಂದರೆ ಓಡದೆ ಮರದ ಹಾಗೆ ನಿಲ್ಲುವುದು ಹೇಗೆ ಅಂತ ಮಕ್ಕಳು ನಿಂತು ತೋರಿಸಿದಾಗ, ಅವಳು ಒಬ್ಬೊಬ್ಬರನ್ನೇ ಮೂಸಿ ಮುಂದೆ ಹೋಗುತ್ತಿದ್ದಳು. ಇದನ್ನು ಯಾರೂ ಕಲಿಸಿರಲಿಲ್ಲ. ಮಾರುಕಟ್ಟೆಯಲ್ಲಿ ಜನರ ಕಾಲುಗಳ ನಡುವೆ ಬದುಕಿದ ನಾಯಿಗೆ ಅದು ಮಾಮೂಲಿ ಕೆಲಸ.

ನಾನು ದಿನಾ ಒಂದು ಸಲವಾದರೂ ಮಂಡಿಯೂರಿ ಅವಳ ಪಕ್ಕ ಕುಳಿತು ನೋಡುತ್ತಿದ್ದೆ. ಟೋಲ್ ಗೇಟೆಂದರೆ ಅವಳಿಗೆ ಬರೀ ಟೈರುಗಳ ಸಾಲು. ಗೋದಾವರಿ ಸೇತುವೆ ಕಂಡೇ ಇಲ್ಲ, ಆದರೆ ನೀರಿನ ವಾಸನೆಗೆ ಸೇತುವೆ ಬರುವ ಮೊದಲೇ ಎದ್ದು ನಿಂತಿದ್ದಳು. ಬರೆದದ್ದನ್ನು ಮಿಸ್ ತಿದ್ದುತ್ತಿದ್ದರು. "'ಸುಂದರವಾದ' ಅಂತ ನಾಯಿ ಹೇಳಲ್ಲ. ಹೊಡಿ ಅದನ್ನ."

ತೊಂದರೆ ಶುರುವಾದದ್ದು ನಾಗಪುರದ ಹತ್ತಿರ. ಫ್ರಿಜ್ಜಿನ ಬ್ಯಾಟರಿ ಸತ್ತುಹೋಯಿತು. ಅಂಥದ್ದೇ ಹೊಸದು ಬರಲು ನಾಲ್ಕೈದು ದಿನವಾಗುತ್ತದೆ ಅಂದರು ಅಂಗಡಿಯವರು. ಮುಂದಿನ ಶಾಲೆಗಳಿಗೆ ದಿನ ಹೇಳಿಯಾಗಿತ್ತು. ಮೇಸ್ತ್ರಿ, "ಜನರೇಟರ್ ಇರೋದ್ಯಾತಕ್ಕೆ ಮೇಡಂ? ಓಡ್ತಾ ಇರ್ಲಿ" ಅಂದರು. ನಾನೂ ಒಪ್ಪಿದೆ. ಅಲ್ಲಿಂದ ಮುಂದೆ ಗಾಡಿ ಚಲಿಸುವಾಗಲೂ ಹಿಂದಿನ ಪೆಟ್ಟಿಗೆಯಲ್ಲಿ ಜನರೇಟರ್ ಗುಂಯ್ ಅನ್ನುತ್ತಲೇ ಇತ್ತು. ಅದೇ ಸಮಯಕ್ಕೆ ಚಳಿಯೂ ಹಿಡಿಯಿತು. ಮೈಸೂರಿನ ಚಳಿಯನ್ನಷ್ಟೇ ಕಂಡಿದ್ದ ನಾವು ಬೆಳಗಿನ ಐದೂವರೆಗೆ ಹೊರಡುವಾಗ ಕಿಟಕಿಗಳನ್ನೆಲ್ಲ ಬಿಗಿಯಾಗಿ ಮುಚ್ಚುತ್ತಿದ್ದೆವು. ಅಡುಗೆಯ ಘಾಟು ಹೋಗಲಿ ಅಂತ ಚಾವಣಿಯ ಫ್ಯಾನ್ ಹಾಕುತ್ತಿದ್ದೆವು. ಮಿಸ್ ಊದಿನಕಡ್ಡಿ ಹಚ್ಚುತ್ತಿದ್ದರು. ಮೇಸ್ತ್ರಿ ಮಾತ್ರ ತಮ್ಮ ಪಕ್ಕದ ಕಿಟಕಿಯನ್ನು ನಾಲ್ಕು ಬೆರಳು ತೆರೆದೇ ಓಡಿಸುತ್ತಿದ್ದರು. ಗಾಳಿ ಮುಖಕ್ಕೆ ಹೊಡೆಯದಿದ್ದರೆ ಅವರಿಗೆ ತೂಕಡಿಕೆ.

ಮೊದಲ ದಿನ ಸೇವಂತಿ ಬೆಳಗಿನ ಅನ್ನ ಬಿಟ್ಟಳು. ಎರಡನೆಯ ದಿನ ನಡೆಯುವಾಗ ಹಿಂಗಾಲು ತೂರಾಡಿತು. ಹೊರಗೆ ಒಂದು ಗಂಟೆ ಬಿಸಿಲಿನಲ್ಲಿ ಮಲಗಿದ ಮೇಲೆ ಸರಿಯಾದಳು, ಸಂಜೆಯ ಶಾಲೆಯಲ್ಲಿ ಎಂದಿನಂತೆ ಕುಳಿತಳು. ನಾನು ಉಣ್ಣೆ ಜ್ವರ ಅಂದುಕೊಂಡೆ. ಬೀದಿಯಲ್ಲಿ ಬೆಳೆದ ನಾಯಿ, ಒಮ್ಮೆ ಬಂದು ಹೋದ ಜ್ವರ ದಣಿವಿಗೆ ಮತ್ತೆ ಮರುಕಳಿಸಬಹುದು. ಒಸಡು ನೋಡಿದೆ. ಆ ಜ್ವರದಲ್ಲಿ ಒಸಡು ಬಿಳಿಚಿಕೊಳ್ಳುತ್ತದೆ. ಇವಳ ಒಸಡು ಕೆಂಪಗೆ, ಚೆನ್ನಾಗಿತ್ತು. ಸದ್ಯ, ರಕ್ತ ಕಡಿಮೆಯಾಗಿಲ್ಲ ಅಂತ ಸಮಾಧಾನಪಟ್ಟೆ.

ಮುಂಗಾಲಿನ ನಾಳದಿಂದ ರಕ್ತ ತೆಗೆದೆ. ಸಿರಿಂಜಿಗೆ ಬಂದ ರಕ್ತ ಕಡುಗೆಂಪಾಗಿರಬೇಕಿತ್ತು. ಇದು ದಾಸವಾಳದ ಕೆಂಪು. ಗಾಡಿಯೊಳಗೆ ಬಗ್ಗಿ ತೆಗೆದದ್ದರಿಂದ ಸೂಜಿ ತಪ್ಪಿ, ತಿಳಿಗೆಂಪು ರಕ್ತ ಹರಿಯುವ ಅಪಧಮನಿಗೆ ಹೋಗಿರಬೇಕು ಅಂದುಕೊಂಡೆ. ಇಪ್ಪತ್ತೆರಡು ವರ್ಷ ಸೂಜಿ ಹಿಡಿದ ಕೈ ತನ್ನದೇ ತಪ್ಪೆಂದು ಸುಲಭವಾಗಿ ಒಪ್ಪಿಕೊಂಡಿತು. ರಕ್ತವೇ ಬೇರೆ ಏನೋ ಹೇಳುತ್ತಿದೆ ಅಂತ ಯೋಚಿಸಲಿಲ್ಲ. ದಾರಿಯ ಒಂದು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿದೆ. ಆ ಜ್ವರದಲ್ಲಿ ಇಳಿಯಬೇಕಾದ ಪ್ಲೇಟ್‌ಲೆಟ್ ಸರಿಯಾಗಿತ್ತು, ಉಳಿದದ್ದೂ ಸರಿ. ಆದರೂ ಉಣ್ಣೆ ಜ್ವರದ ಮಾತ್ರೆ ಶುರು ಮಾಡಿದೆ. ಇದನ್ನು ಬರೆಯಲು ನನಗೆ ನಾಚಿಕೆಯಿದೆ. ವರದಿ ಇಲ್ಲ ಅಂದ ಕಾಯಿಲೆಗೆ ನಾನು ಔಷಧಿ ಕೊಡುತ್ತಿದ್ದೆ.

ಮಿಸ್‌ಗೆ ತಲೆನೋವು ಅಂಟಿಕೊಂಡಿತ್ತು. "ಮೂರು ದಿನದಿಂದ ಸರಿಯಾದ ಕಾಫಿ ಇಲ್ಲ ನೋಡು, ಅದಕ್ಕೇ" ಅಂದರು. ನನಗೂ ಹಣೆಯ ಎರಡೂ ಪಕ್ಕ ಹಿಡಿದಂತಿತ್ತು. ಚಳಿ ಅಂದುಕೊಂಡೆ.

ಮೂರನೆಯ ಬೆಳಿಗ್ಗೆ ನಾವು ಮಧ್ಯಪ್ರದೇಶದ ಒಂದು ಸಣ್ಣ ಊರಿನ ಹೊರಗೆ, ಪೆಟ್ರೋಲ್ ಬಂಕಿನ ಅಂಗಳದಲ್ಲಿದ್ದೆವು. ಒಂಬತ್ತೂವರೆಗೆ ಮುಂದಿನ ಪಟ್ಟಣದ ಶಾಲೆಯಲ್ಲಿ ಕಾರ್ಯಕ್ರಮ. ರಾತ್ರಿ ಬಂಕಿನ ಪ್ಲಗ್ಗಿನಲ್ಲಿದ್ದ ಫ್ರಿಜ್ಜಿಗಾಗಿ ಮೇಸ್ತ್ರಿ ಆಗಲೇ ಜನರೇಟರ್ ಹಾಕಿದ್ದರು. ಮಿಸ್ ಹಿಂದಿನ ಮಂಚದ ಮೇಲೆ ಮಲಗಿದ್ದರು, ಎದ್ದಾಗ ವಾಂತಿಯಾಗಿತ್ತು. ನಾನು ಸೇವಂತಿಯನ್ನು ನಡೆಸಿಕೊಂಡು ಬಂದೆ. ಗಾಡಿಯ ಬಾಗಿಲ ಮುಂದೆ ಅವಳು ನಿಂತಳು. ಕರೆದೆ. ಬಾಲ ಕಾಲ ಸಂದಿಗೆ ಹೋಯಿತು. ಬಿಸ್ಕತ್ತು ತೋರಿಸಿದೆ. ಮುಖ ತಿರುಗಿಸಿದಳು.

ಮೇಸ್ತ್ರಿ ಗಡಿಯಾರ ನೋಡಿ, "ತಡ ಆಯ್ತದೆ ಮೇಡಂ, ನಾನೇ ಎತ್ ಹಾಕ್ಬುಡ್ತೀನಿ" ಅಂತ ಅವಳನ್ನು ತಬ್ಬಿ ಎತ್ತಿದರು. ಒಂದು ದಿನವೂ ಹಲ್ಲು ತೋರಿಸದ ನಾಯಿ ನಾಲ್ಕೂ ಕಾಲನ್ನು ಬಾಗಿಲ ಚೌಕಟ್ಟಿಗೆ ಕೊಟ್ಟು ಒದ್ದಾಡಿತು. ಅವರ ತೋಳಿನಲ್ಲೇ ಉಚ್ಚೆ ಹೊಯ್ದುಕೊಂಡಿತು. ಅವರನ್ನು ಕಚ್ಚಲಿಲ್ಲ.

"ಇಳಿಸಿ ಮೇಸ್ತ್ರೀ" ಅಂದೆ.

ಒಳಗಿನಿಂದ ಮಿಸ್ ಕ್ಷೀಣ ದನಿಯಲ್ಲಿ, "ಮಕ್ಕಳು ಕಾಯ್ತಿರ್ತಾರೆ ಕಣಮ್ಮ. ಹತ್ತಿಸು. ಆಮೇಲೆ ಸಮಾಧಾನ ಮಾಡೋಣ" ಅಂದರು.

ಅವರು ಹೇಳಿದ್ದನ್ನು ನಾನು ಹದಿಮೂರನೆಯ ವಯಸ್ಸಿನಿಂದ ಮೀರಿದವಳಲ್ಲ. ಆದರೆ ಆ ಕ್ಷಣ ಹೂವಿನ ಅಕ್ಕನ ಮಾತು ಕಿವಿಯಲ್ಲಿ ಕೇಳಿದಂತಾಯಿತು. "ಇಲ್ಲ ಮಿಸ್. ಇವಳು ಯಾಕೆ ಹತ್ತಲ್ಲ ಅಂತ ಗೊತ್ತಾಗೋವರೆಗೂ ಗಾಡಿ ಹೊರಡಲ್ಲ" ಅಂದೆ. ಮೇಸ್ತ್ರಿ ಸೇವಂತಿಯನ್ನು ಇಳಿಸಿದರು.

ಕಾರಣ ಹುಡುಕಲು ನನಗೆ ಗೊತ್ತಿದ್ದ ದಾರಿ ಒಂದೇ, ಆ ಹನ್ನೆರಡು ದಿನ ನೋಟ್‌ಬುಕ್ಕಿಗಾಗಿ ಮಾಡುತ್ತ ಬಂದದ್ದು. ಒಳಗೆ ಹೋಗಿ, ಮಂಚದ ಕೆಳಗೆ ತೂರಿ, ಅವಳ ಹಾಸಿಗೆಯ ಮೇಲೆ ಅವಳ ತಲೆ ಇರುವ ಕಡೆಯೇ ನನ್ನ ತಲೆಯಿಟ್ಟು ಮಲಗಿದೆ. ಹಲಗೆಯ ಆಚೆ ಜನರೇಟರ್ ಅದುರುತ್ತಿತ್ತು, ಹಲ್ಲು ಕಟಕಟ ಅನ್ನುವಷ್ಟು. ಇದಕ್ಕೇ ಹೆದರಿರಬೇಕು ಅಂದುಕೊಂಡೆ. ಅಷ್ಟರಲ್ಲಿ ಎಡಗೆನ್ನೆಗೆ ಬೆಚ್ಚಗೆ ಏನೋ ತಾಗಿತು, ಯಾರೋ ಬಾಯಿ ಹತ್ತಿರ ತಂದು ಊದಿದ ಹಾಗೆ. ಬೆರಳಿಟ್ಟು ತಡಕಿದೆ. ಫ್ರಿಜ್ಜಿನ ವೈರು ಒಳಗೆ ಬರಲು ಕೊರೆದ ತೂತು. ಅದರ ಸುತ್ತಲಿನ ರಬ್ಬರ್ ಬಿದ್ದುಹೋಗಿ ಹೆಬ್ಬೆರಳು ತೂರುವಷ್ಟು ತೆರೆದಿತ್ತು. ಬೆಚ್ಚನೆಯ ಗಾಳಿ ಅಲ್ಲಿಂದ ಒಳಗೆ ಬರುತ್ತಿತ್ತು, ಮೇಲಿನ ಫ್ಯಾನು ಎಳೆಯುತ್ತಿತ್ತು.

ದಾಸವಾಳದ ಕೆಂಪು ರಕ್ತ ಕಣ್ಣ ಮುಂದೆ ಬಂತು. ಕೆಂಪಗೆ ಚೆನ್ನಾಗಿದ್ದ ಒಸಡು. ಹೊರಗೆ ಬಂದರೆ ಸರಿಹೋಗುವ ನಾಯಿ. ತಲೆನೋವು, ವಾಂತಿ. ಪೆಟ್ರೋಲ್ ಉರಿದಾಗ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದರ ಜೊತೆಗಿರುವ ಹೊಗೆಯ ವಾಸನೆಯನ್ನು ಊದಿನಕಡ್ಡಿ ಮುಚ್ಚಿತ್ತು. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿದುಕೊಂಡರೆ ರಕ್ತ ಕೆಂಪಗೇ ಇರುತ್ತದೆ, ಪ್ರಾಣ ಮಾತ್ರ ಹೋಗುತ್ತಿರುತ್ತದೆ. ನಾನು ಪರೀಕ್ಷೆಗೆ ಓದಿದ್ದ ಪಾಠ. ಒಂದು ಪ್ರಾಣಿಯಲ್ಲೂ ಕಂಡಿರಲಿಲ್ಲ.

"ಮೇಸ್ತ್ರೀ, ಜನರೇಟರ್ ಆಫ್ ಮಾಡಿ! ಮಿಸ್‌ನ ಕೆಳಗಿಳಿಸಿ!" ಅಂತ ಕಿರುಚಿದೆ. ಎದ್ದ ರಭಸಕ್ಕೆ ಮಂಚಕ್ಕೆ ತಲೆ ಬಡಿಯಿತು.

ಮಿಸ್ ಕಾಲೂರಲು ಆಗದೆ ಕುಸಿದರು. ಇಬ್ಬರೂ ಸೇರಿ ಹೊತ್ತು ತಂದು ಅಂಗಳದಲ್ಲಿ ಮಲಗಿಸಿದೆವು. ಲಸಿಕೆಯಿಂದ ಯಾವ ನಾಯಿಗಾದರೂ ಅಲರ್ಜಿಯಾದರೆ ಇರಲಿ ಅಂತ ನಾನು ಒಂದು ಸಣ್ಣ ಆಮ್ಲಜನಕದ ಸಿಲಿಂಡರ್ ತಂದಿದ್ದೆ. ನಾಯಿಗಳ ಮಾಸ್ಕನ್ನೇ ಮಿಸ್ ಮುಖಕ್ಕೆ ಹಿಡಿದೆ. ಕಿಟಕಿ, ಬಾಗಿಲು ಎಲ್ಲ ತೆರೆದು, ಊರಿನ ಆಸ್ಪತ್ರೆಗೆ ಗಾಡಿ ಓಡಿಸಿದೆವು. ಸೇವಂತಿಯನ್ನು ಈ ಸಲ ಹಿಂದಕ್ಕೆ ಕರೆಯಲಿಲ್ಲ. ಮುಂದೆ ಮೇಸ್ತ್ರಿಯ ಪಕ್ಕ, ಕಿಟಕಿಯ ಹತ್ತಿರ ಕೂರಿಸಿದೆ. ಅಲ್ಲಿ ಕೂತಳು.

ಆಸ್ಪತ್ರೆಯ ಡಾಕ್ಟರು ಸಂಜೆಯವರೆಗೆ ಮಿಸ್‌ಗೆ ಆಮ್ಲಜನಕ ಕೊಟ್ಟರು. ಇನ್ನೊಂದು ಎರಡು ಗಂಟೆ ಆ ಮಂಚದ ಮೇಲೆ ಮಲಗಿಕೊಂಡು ಪ್ರಯಾಣ ಮಾಡಿದ್ದರೆ ಅವರು ಏಳುತ್ತಿರಲಿಲ್ಲ ಅಂತ ನನಗೊಬ್ಬಳಿಗೇ ಹೇಳಿದರು.

ಮಿಸ್‌ಗೆ ಅಪಾಯವಿಲ್ಲವೆಂದ ಮೇಲೆ ಫ್ರಿಜ್ಜಿನ ನೆನಪಾಯಿತು. ಜನರೇಟರ್ ನಿಂತಾಗ ನಾಲ್ಕು ಡಿಗ್ರಿ ಇತ್ತು, ಈಗ ಆರೂವರೆ. ಊರಿನ ಪಶು ಆಸ್ಪತ್ರೆಗೆ ಹೋಗಿ, ಅಲ್ಲಿನ ಡಾಕ್ಟರಿಗೆ ವಿಷಯ ಹೇಳಿ, ಅವರ ವರಾಂಡದ ಪ್ಲಗ್ಗಿಗೆ ವೈರು ಚುಚ್ಚಿದಾಗ ಏಳು ಪಾಯಿಂಟ್ ನಾಲ್ಕು. ಕೆಳಗಿಳಿಯಲು ಶುರುವಾಗುವವರೆಗೆ ನಾನು ಅದರ ಮುಂದೆಯೇ ನಿಂತಿದ್ದೆ.

ಮೇಸ್ತ್ರಿಗೆ ನಂಬಿಕೆ ಬಂದಿರಲಿಲ್ಲ. "ಪೈಪ್ ನಾನೇ ಬೆಸ್ದಿರೋದು ಮೇಡಂ. ಮೂವತ್ ವರ್ಷದಲ್ಲಿ ನನ್ ಬೆಸುಗೆ ಬುಟ್ಟಿಲ್ಲ" ಅಂದರು.

"ಹಾಗಾದ್ರೆ ನೋಡೇ ಬಿಡೋಣ" ಅಂದೆ. ಮಿಸ್ ಚೀಲದಿಂದ ಒಂದು ಹಿಡಿ ಊದಿನಕಡ್ಡಿ ತೆಗೆದು ಹಚ್ಚಿ, ಜನರೇಟರಿನ ಪೆಟ್ಟಿಗೆಯೊಳಗಿಟ್ಟು ಮುಚ್ಚಳ ಹಾಕಿದೆವು. ಗಾಡಿಯ ಕಿಟಕಿಗಳನ್ನು ಮುಚ್ಚಿ ಚಾವಣಿಯ ಫ್ಯಾನ್ ಹಾಕಿದೆ. ಮೇಸ್ತ್ರಿ ಒಳಗೆ ಮಂಡಿಯೂರಿ ಟಾರ್ಚು ಹಿಡಿದರು. ಅರ್ಧ ನಿಮಿಷವೂ ಆಗಿರಲಿಲ್ಲ. ಸೇವಂತಿಯ ಹಾಸಿಗೆಯ ಮೇಲೆ ಬಿಳಿ ಹೊಗೆ ಹಗ್ಗದಂತೆ ಎದ್ದು, ಮಂಚವನ್ನು ಬಳಸಿ ಫ್ಯಾನಿನ ಕಡೆಗೆ ಹೋಯಿತು.

ಮೇಸ್ತ್ರಿ ಟಾರ್ಚು ಆರಿಸಿದರು. ಹೊರಗೆ ಬಂದು ಪೆಟ್ಟಿಗೆ ಬಿಚ್ಚಿದರು. ಬೆಸುಗೆ ಗಟ್ಟಿಯಾಗೇ ಇತ್ತು; ಅದರ ಹಿಂದಿನ ಬೋಲ್ಟು ರಸ್ತೆಯ ಕುಲುಕಿಗೆ ಸಡಿಲಾಗಿ ಪೈಪೇ ಕಳಚಿಕೊಂಡಿತ್ತು. ಹೊಗೆಯೆಲ್ಲ ಪೆಟ್ಟಿಗೆಯೊಳಗೇ ತುಂಬುತ್ತಿತ್ತು. ಅವರು ಬಹಳ ಹೊತ್ತು ಆ ಬೋಲ್ಟನ್ನು ಕೈಯಲ್ಲಿ ಹಿಡಿದಿದ್ದರು.

"ಬೋಲ್ಟ್ ಸಡ್ಲಾಗೋದು ರಸ್ತೆ ತಪ್ಪು ಅಂತೀನಿ. ಮಲ್ಗೋ ಜಾಗದ್ ಪಕ್ಕದಲ್ಲಿ ಪೆಟ್ಟಿಗೆ ಕಟ್ಟಿದ್ದು ನನ್ ತಪ್ಪೇ ಮೇಡಂ. ಯಾರಿಗೂ ಬೇರೆ ಥರ ಹೇಳ್ಬೇಡಿ" ಅಂದರು. ಆಮೇಲೆ ಸೇವಂತಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಬೆಳಿಗ್ಗೆ ಎತ್ತಿ ಹಾಕಲು ಹೋದದ್ದಕ್ಕೆ ಉರ್ದುವಿನಲ್ಲಿ ಏನೋ ಹೇಳಿದರು. ಉರ್ದು ಅವರ ಮನೆಮಾತು. ನನಗೆ ಪೂರ್ತಿ ಅರ್ಥವಾಗಲಿಲ್ಲ, ಕೇಳಲೂ ಇಲ್ಲ. ಮಾರನೆಯ ದಿನ ಜನರೇಟರನ್ನು ಕಿತ್ತು ಕೆಳಗಿಳಿಸಿ, ನೆಲದಲ್ಲೂ ಹಲಗೆಯಲ್ಲೂ ಇದ್ದ ಒಂದೊಂದು ತೂತನ್ನೂ ತಗಡು ಹೊಡೆದು ಮುಚ್ಚಿದರು. ಹಾಸಿಗೆಯನ್ನು ಬಾಗಿಲ ಬಳಿಗೆ ತಂದರು. ಸಂಜೆ ಬಾಗಿಲು ತೆರೆದಿಟ್ಟು ನಾವು ದೂರ ಹೋಗಿ ನಿಂತೆವು. ಸೇವಂತಿ ಮೆಟ್ಟಿಲು ಮೂಸಿದಳು, ಹತ್ತಿದಳು, ಒಳಗೆಲ್ಲ ಸುತ್ತಿ ಬಂದು ಮಲಗಿದಳು. ಮೇಸ್ತ್ರಿ ನನ್ನ ಕಡೆ ನೋಡಲಿಲ್ಲ, ಕಣ್ಣೊರೆಸಿಕೊಳ್ಳುತ್ತಿದ್ದರು.

ಇನ್ನು ಲಸಿಕೆಯ ಪ್ರಶ್ನೆ. ಜನರೇಟರ್ ಇಲ್ಲ, ಬ್ಯಾಟರಿ ಇಲ್ಲ. ಐಸ್ ತುಂಬಿದ ಪೆಟ್ಟಿಗೆಯಲ್ಲಿ ಒಂದು ದಿನ ತಡೆಯಬಹುದು. ಡೆಹ್ರಾಡೂನಿಗೆ ಇನ್ನೂ ನಾಲ್ಕು ದಿನದ ದಾರಿ. ನಮಗೆ ಪ್ಲಗ್ಗು ಕೊಟ್ಟ ಪಶು ಡಾಕ್ಟರು ಮಾತಿನ ಮಧ್ಯೆ, ತಮ್ಮ ಊರಿನಲ್ಲಿ ಹಿಂದಿನ ವಾರವಷ್ಟೇ ಒಂದು ಹುಚ್ಚು ನಾಯಿ ಓಡಾಡಿ ಸತ್ತಿತ್ತು, ತಮ್ಮಲ್ಲಿ ನಾಯಿ ಲಸಿಕೆ ಮುಗಿದು ಹೊಸದು ಬಂದಿಲ್ಲ ಅಂದರು. ನಾನು ಅಲ್ಲೇ ನಿರ್ಧರಿಸಿದೆ. ಮಿಸ್‌ಗೆ ಹೇಳುವುದೇ ಕಷ್ಟವಿತ್ತು.

ಆಸ್ಪತ್ರೆಯ ಹಾಸಿಗೆಯ ಮೇಲೆ ಕುಳಿತಿದ್ದ ಅವರು, "ಡೆಹ್ರಾಡೂನಲ್ಲಿ ಎಷ್ಟು ಜನ ಬರ್ತಾರೆ ಗೊತ್ತಾ? ಲಸಿಕೆ ಕೊಟ್ಟೋರೆಲ್ಲ ನೋಡೋಕೆ ಬರ್ತಾರೆ. ಬರೀ ಫ್ರಿಜ್ ತಗೊಂಡ್ ಹೋಗಿ ಏನ್ ತೋರಿಸ್ಲಿ ನಾನು?" ಅಂದರು.

"ತೋರಿಸೋಕೆ ಏನೂ ಇರಲ್ಲ ಮಿಸ್. ಆದ್ರೆ ಲಸಿಕೆ ಇರಬೇಕಾದ್ದು ಇಲ್ಲಿ."

ಅವರು ಹಾಸಿಗೆಯ ಅಂಚಿನಲ್ಲಿ ನನಗೆ ಜಾಗ ಮಾಡಿದರು. ಆಮೇಲೆ, ಕ್ಲಾಸಿನಲ್ಲಿ ಉತ್ತರ ಸರಿಯಿದ್ದಾಗ ಹೇಳುತ್ತಿದ್ದ ದನಿಯಲ್ಲೇ, "ಸರಿ. ಕೂತ್ಕೋ. ಹೇಗೆ ಮಾಡ್ತೀಯ ಹೇಳು" ಅಂದರು.

ಮೂರು ದಿನ ಮಾಡಿದೆವು. ಪುರಸಭೆಯವರು ಬಲೆ ಹಿಡಿದು ಬಂದರು, ಪಶು ಆಸ್ಪತ್ರೆಯ ಸಿಬ್ಬಂದಿ ಬಂದರು. ಬೆಳಿಗ್ಗೆ ಆರಕ್ಕೆ ಬೀದಿಗಿಳಿದರೆ ಹತ್ತರವರೆಗೆ, ಮತ್ತೆ ನಾಲ್ಕರಿಂದ ಕತ್ತಲಾಗುವವರೆಗೆ. ನಾಯಿಯನ್ನು ಬಲೆಯಲ್ಲಿ ಹಿಡಿ, ತೊಡೆಗೆ ಒಂದು ಮಿಲಿ ಚುಚ್ಚು, ಬೆನ್ನಿಗೆ ಹಸಿರು ಬಣ್ಣ ಬಳಿ, ಬಿಡು. ನನ್ನ ಬಲಗೈ ಹೆಬ್ಬೆರಳು ಊದಿಕೊಂಡು ಸಿರಿಂಜು ಒತ್ತಲಾಗದೆ ಎಡಗೈಯಲ್ಲಿ ಒತ್ತಿದೆ. ಮೂರನೆಯ ಸಂಜೆ ಕೊನೆಯ ಬಾಟಲಿ ಖಾಲಿಯಾದಾಗ ಆ ಊರಿನ ಯಾವ ಬೀದಿಯಲ್ಲಿ ನೋಡಿದರೂ ಹಸಿರು ಬೆನ್ನುಗಳು ಓಡಾಡುತ್ತಿದ್ದವು. ಅಷ್ಟು ಹೆಮ್ಮೆ ನನಗೆ ಯಾವ ಶಸ್ತ್ರಚಿಕಿತ್ಸೆಯಲ್ಲೂ ಆಗಿರಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ಮಿಸ್ ಹಟ ಹಿಡಿದು ಊರಿನ ಶಾಲೆಗೆ ಬಂದರು. ಕುರ್ಚಿಯಲ್ಲಿ ಕೂತೇ ಮಾತಾಡಿದರು. ಅವರ ಹಿಂದಿ ನಿಂತಲ್ಲೆಲ್ಲ ಮೇಸ್ತ್ರಿ ಎತ್ತಿಕೊಟ್ಟರು. ಮುಗಿದ ಮೇಲೆ ಮಕ್ಕಳು ಸೇವಂತಿಯನ್ನು ಮುತ್ತಿಕೊಂಡರು. ಒಂಬತ್ತು ವರ್ಷದ ಹುಡುಗಿಯೊಬ್ಬಳು ಮಾತ್ರ ದೂರ ನಿಂತಿದ್ದಳು. ಎಲ್ಲರೂ ಹೋದ ಮೇಲೆ ಮೇಸ್ತ್ರಿಯ ಹತ್ತಿರ ಬಂದು ಏನೋ ಪಿಸುಗುಟ್ಟಿದಳು. ಅವರು ನನ್ನನ್ನು ಕರೆದರು. ಅವರ ಮುಖ ಬಿಳಿಚಿತ್ತು.

"ನಾಯಿಮರಿ ಕಚ್ಚಿದೆಯಂತೆ ಮೇಡಂ, ನಾಕ್ ದಿನ ಆಯ್ತಂತೆ. ಇವ್ಳೇ ರೊಟ್ಟಿ ಹಾಕಿ ಸಾಕ್ತಿರೋ ಮರಿ. ಹೇಳಿದ್ರೆ ಅದನ್ನ ಹೊಡ್ದ್ ಸಾಯಿಸ್ತೀರಾ ಅಂತ ಕೇಳ್ತವ್ಳೆ."

ಹುಡುಗಿ ಲಂಗ ಸ್ವಲ್ಪ ಎತ್ತಿದಳು. ಮೀನಖಂಡದಲ್ಲಿ ಮೂರು ಹಲ್ಲಿನ ಗುರುತು, ಆಳದವು, ಮೇಲೆ ಅರಿಶಿನ ಮೆತ್ತಿತ್ತು.

"ಹೊಡೆಯಲ್ಲ, ಕಟ್ಟಿ ಹಾಕಿ ನೋಡ್ಕೋತೀವಿ ಅಂತ ಹೇಳಿ. ಅದು ಬದುಕುತ್ತೆ ಅಂತ ಸುಳ್ಳು ಹೇಳಬೇಡಿ, ಅಷ್ಟೇ ಹೇಳಿ" ಅಂದೆ.

ಶಾಲೆಯ ನಲ್ಲಿಯ ಕೆಳಗೆ ಮಿಸ್ ತಾವೇ ಕೂತು, ಸೋಪು ಹಾಕಿ, ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ಆ ಕಾಲು ತೊಳೆದರು. ತಡವಾಗಿತ್ತು, ಆದರೂ ತೊಳೆದರು. ಅಷ್ಟರಲ್ಲಿ ತಾಯಿಗೆ ಹೇಳಿ ಕಳಿಸಿದೆವು. ಆಸ್ಪತ್ರೆಯಲ್ಲಿ ಗಾಯದ ಸುತ್ತ ಕೊಡುವ ಚುಚ್ಚುಮದ್ದನ್ನೂ ಲಸಿಕೆಯ ಮೊದಲ ಡೋಸನ್ನೂ ಅವತ್ತೇ ಕೊಟ್ಟರು. ಮೂರು, ಏಳು, ಹದಿನಾಲ್ಕು, ಇಪ್ಪತ್ತೆಂಟನೆಯ ದಿನ ತಪ್ಪದೆ ಬರಬೇಕೆಂದು ಮೇಸ್ತ್ರಿ ತಾಯಿಗೆ ನಾಲ್ಕು ಸಲ ಹೇಳಿದರು, ಐದನೆಯ ಸಲ ಆಕೆಯ ಬಾಯಲ್ಲೇ ಹೇಳಿಸಿದರು.

ಡೆಹ್ರಾಡೂನಿನ ಸಭೆ ನಾಲ್ಕು ದಿನ ತಡವಾಗಿ ನಡೆಯಿತು. ಬಂದವರು ನಿರೀಕ್ಷಿಸಿದ್ದಕ್ಕಿಂತ ಕಡಿಮೆ. ಮಿಸ್ ಖಾಲಿ ಫ್ರಿಜ್ಜಿನ ಬಾಗಿಲು ತೆರೆದು ತೋರಿಸಿ, ಲಸಿಕೆ ಎಲ್ಲಿ ಹೋಯಿತು, ಯಾಕೆ ಹೋಯಿತು ಅಂತ ಒಂದನ್ನೂ ಮುಚ್ಚಿಡದೆ ಹೇಳಿದರು. ನಾನು ನನ್ನ ಉಣ್ಣೆ ಜ್ವರದ ಕಥೆ ಹೇಳಿದೆ. ಮುಂದಿನ ಸಾಲಿನಲ್ಲಿದ್ದ ಯುವ ಪಶು ವೈದ್ಯರು ಬರೆದುಕೊಂಡರು. ಕೊನೆಗೆ ಮೇಸ್ತ್ರಿಯನ್ನು ವೇದಿಕೆಗೆ ಕರೆದಾಗ ಅವರು ಬರಲ್ಲ ಅಂದರು. ಸೇವಂತಿಯನ್ನು ಕಳಿಸಿದರು.

ಅಲ್ಲಿಂದ ಹೊರಡುವ ಬೆಳಿಗ್ಗೆ ಮಧ್ಯಪ್ರದೇಶದ ಆ ಊರಿನ ಪಶು ಡಾಕ್ಟರ ಫೋನು ಬಂತು. ಕಟ್ಟಿಹಾಕಿದ್ದ ಮರಿ ಬಾಯಲ್ಲಿ ಜೊಲ್ಲು ಸುರಿಸಿ ಸತ್ತಿತ್ತು. ಮಿದುಳಿನ ಪರೀಕ್ಷೆಯಲ್ಲಿ ರೇಬೀಸ್ ಖಚಿತವಾಗಿತ್ತು. ಗಾಡಿಯಲ್ಲಿ ನಾನು ಇದನ್ನು ಇಬ್ಬರಿಗೂ ಹೇಳಿದೆ. ಮಿಸ್, "ಮೂರನೇ ದಿನದ್ದು ಹಾಕಿಸ್ಕೊಂಡಿದಾಳಾ?" ಅಂದರು. "ಹಾಕಿಸ್ಕೊಂಡಿದಾಳೆ. ಏಳನೇದೂ ಆಯ್ತು." "ಸರಿ. ಹದಿನಾಲ್ಕಕ್ಕೆ ನಾವೇ ಅಲ್ಲಿರೋಣ."

ಇದ್ದೆವು. ದಾರಿಯ ಒಂದು ಶಾಲೆಯನ್ನು ಬಿಟ್ಟು ಆ ದಿನಕ್ಕೆ ಸರಿಯಾಗಿ ಹೋದೆವು. ಆಸ್ಪತ್ರೆಯ ಬೆಂಚಿನ ಮೇಲೆ ಹುಡುಗಿ ತಾನೇ ಅಂಗಿಯ ತೋಳು ಮಡಚಿ ಕೊಟ್ಟಳು, ಅಳಲಿಲ್ಲ. ಮರಿ ಸತ್ತದ್ದು ಅವಳಿಗೆ ಗೊತ್ತಿತ್ತು. ಹೊರಗೆ ಬಂದು ಸೇವಂತಿಯ ಮುಂದೆ ನಿಂತಳು, ಮುಷ್ಟಿ ಮಾಡಿದ ಕೈಯನ್ನು ನಿಧಾನವಾಗಿ ಮುಂದೆ ಚಾಚಿದಳು. ಸೇವಂತಿ ಮೂಸಿದಳು. ಹುಡುಗಿ ಅಲ್ಲೇ ಕೂತಾಗ ಅವಳ ಕಾಲ ಮೇಲೆ ಗದ್ದವಿಟ್ಟು ಮಲಗಿದಳು. ನಾವು ಅರ್ಧ ಗಂಟೆ ಅಲ್ಲೇ ಕಾದೆವು. ಅವರಿಬ್ಬರನ್ನೂ ಏಳಿಸಲು ಯಾರಿಗೂ ಮನಸ್ಸಿರಲಿಲ್ಲ.

ಮೈಸೂರಿಗೆ ಬಂದು ಒಂದು ವಾರವಾಗಿತ್ತು. ಕ್ಲಿನಿಕ್ಕಿನಲ್ಲಿ ಒಂದು ಬೆಕ್ಕಿನ ಕಿವಿ ಹೊಲಿಯುತ್ತಿದ್ದೆ. ಅದರ ಯಜಮಾನರು, ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಬೆಕ್ಕಿನ ಕಾಲು ಹಿಡಿದು ನಿಂತಿದ್ದರು. ಮೇಜಿನ ಮೇಲಿದ್ದ ಫೋನಿಗೆ ಒಂದು ಚಿತ್ರ ಬಂತು. ಆ ಊರಿನ ಆಸ್ಪತ್ರೆಯ ಹಳದಿ ಚೀಟಿ, ಐದು ದಿನಾಂಕ, ಐದರ ಮುಂದೆಯೂ ನರ್ಸಿನ ಸಹಿ. ಕೊನೆಯದು ಅವತ್ತಿನದು. ನಾನು ಸೂಜಿ ಹಿಡಿದ ಕೈಯನ್ನು ಹಾಗೇ ಗಾಳಿಯಲ್ಲಿಟ್ಟುಕೊಂಡು ಎಷ್ಟು ಹೊತ್ತು ನೋಡುತ್ತಿದ್ದೆನೋ.

"ಏನ್ ಮೇಡಂ, ಒಳ್ಳೆ ಸುದ್ದಿನಾ?" ಅಂದರು ಅವರು.

"ಹೂಂ ಸಾರ್. ಒಂದು ಮಗು ಉಳೀತು" ಅಂದೆ.

"ನಿಮ್ಮ ಪೈಕಿಯವ್ರಾ?"

"ಹೌದು" ಅಂದೆ. ಆಮೇಲೆ ಉಳಿದ ಎರಡು ಹೊಲಿಗೆ ಹಾಕಿದೆ.